ರೇಣುಕಯ್ಯನವರು ಮೋಟಾರಿನ ಕೆಳಗೆ ಹೋದದ್ದು

"ಕಬ್ಬಿಣ ಅಂದಮೇಲೆ ಕಬ್ಬಿಣ! ಎತ್ತಿನ ಗಾಡಿ ಅಚ್ಚಿಗೂ ಮೋಟಾರಿನ ಅಚ್ಚಿಗೂ ಏನೇ ವ್ಯತ್ಯಾಸ? ಅದಕ್ಕೆ ಕೀಲೆಣ್ಣೆ, ಇದಕ್ಕೆ ಗ್ರೀಸು. ಅಷ್ಟೇ! ಇದನ್ನ ನೋಡೋಕೆ ನನಗೊಬ್ಬ ಮೇಸ್ತ್ರಿ ಬೇರೆ ಬೇಕಾ?"

ಹೀಗೆಂದು ಮಧುಗಿರಿಯ ಹುಣಸೆಹಣ್ಣಿನ ಮಂಡಿ ಸಾಹುಕಾರ್ ರೇಣುಕಯ್ಯನವರು ಶ್ರಾವಣದ ಎರಡನೆಯ ಸೋಮವಾರ ಬೆಳಗ್ಗೆ ಆರು ಗಂಟೆಗೆ ಪಂಚೆ ಎತ್ತಿ ಕಟ್ಟಿ ಘೋಷಿಸಿದರು. ಕೇಳುವುದಕ್ಕೆ ಇದ್ದವರು ಇಬ್ಬರೇ. ಒಬ್ಬರು ಅವರ ಹೆಂಡತಿ ಶಿವರುದ್ರಮ್ಮ, ಇನ್ನೊಬ್ಬ ಮಂಡಿಯ ಗಾಡಿ ಹೊಡೆಯುವ ಕಾಟಪ್ಪ. ಇಬ್ಬರೂ ತುಟಿ ಬಿಚ್ಚಲಿಲ್ಲ. ಮೌನವೇ ಒಪ್ಪಿಗೆ ಎಂದುಕೊಂಡರು ರೇಣುಕಯ್ಯ. ಮದುವೆಯಾಗಿ ಇಪ್ಪತ್ತೆರಡು ವರ್ಷವಾಗಿದ್ದರೂ ಶಿವರುದ್ರಮ್ಮನ ಮೌನಕ್ಕೆ ಬೇರೆ ಅರ್ಥಗಳಿವೆಯೆಂದು ಅವರಿಗೆ ಇನ್ನೂ ತಿಳಿದಿರಲಿಲ್ಲ, ಪಾಪ!

ಅವತ್ತಿನ ವಿಷಯವೂ ಸಾಮಾನ್ಯದ್ದಲ್ಲ. ಬೆಟ್ಟದ ಮಠದ ಅಯ್ಯನವರು ವರ್ಷಕ್ಕೊಮ್ಮೆ ಶ್ರಾವಣದಲ್ಲಿ ಪೇಟೆಗೆ ದಯಮಾಡಿಸುತ್ತಿದ್ದರು. ಯಾರ ಬಂಡಿಯಲ್ಲಿ ಬರುತ್ತಾರೋ ಅವರ ಮನೆಯಲ್ಲಿ ಮೊದಲ ಪಾದಪೂಜೆ. ಇದು ತಾತಂದಿರ ಕಾಲದಿಂದ ನಡೆದುಬಂದ ಕಟ್ಟಳೆ. ಆದರೆ ಮೂರು ವರ್ಷದಿಂದ ಆ ಭಾಗ್ಯ ಒಂದೇ ಮನೆಯ ಹೊಸಿಲಿಗೆ ಅಂಟಿಕೊಂಡುಬಿಟ್ಟಿತ್ತು. ಅದು ಶಿವರುದ್ರಮ್ಮನ ಒಡಹುಟ್ಟಿದ ತಮ್ಮ ಶಂಕರಲಿಂಗಪ್ಪನ ಮನೆ! ಅವನ ಹತ್ತಿರ ಹಾಲಿನಂಥ ಬಿಳಿಯ ಹಳ್ಳಿಕಾರ್ ಎತ್ತುಗಳಿದ್ದವು, ಕಮಾನು ಕಟ್ಟಿದ ಗಾಡಿಯಿತ್ತು, ಎತ್ತಿನ ಕೊರಳಿಗೆ ಅರ್ಧ ಮೈಲಿ ದೂರ ಕೇಳುವ ಗಂಟೆಸರವಿತ್ತು. ರೇಣುಕಯ್ಯನವರ ಮಂಡಿಯ ಗಾಡಿಗಾದರೋ ಹುಣಸೆಹಣ್ಣಿನ ಹುಳಿ ವಾಸನೆ. ಅದರಲ್ಲಿ ಗುರುಗಳನ್ನು ಕೂರಿಸುವುದು ಹೇಗೆ? ಮೂರು ಶ್ರಾವಣವೂ ಅವರು ಭಾವಮೈದುನನ ಮನೆಯ ಪಂಕ್ತಿಯಲ್ಲಿ ಕೂತು, ಹೋಳಿಗೆಯನ್ನು ಬೇವಿನಂತೆ ಅಗಿದು ನುಂಗಿ ಬಂದಿದ್ದರು.

ಅದಕ್ಕೇ ಎರಡು ತಿಂಗಳ ಹಿಂದೆ ತುಮಕೂರಿನ ವಕೀಲರೊಬ್ಬರಿಂದ ಮೋಟಾರು ಕೊಂಡದ್ದು. ಹಳೆಯದಾದರೇನು, ಮಹಾ ಎತ್ತರದ ಗಾಡಿ! ಅದರ ಹೊಟ್ಟೆಯಡಿ ಒಂದು ಕೊಬ್ಬಿದ ಟಗರು ತಲೆ ತಗ್ಗಿಸದೆ ಆಚೆಗೆ ಹೋಗಬಹುದಿತ್ತು. ಅಯ್ಯನವರ ಮುಂದೆ ಅಡ್ಡಬಿದ್ದು, "ಬುದ್ಧೀ, ಈ ಸಲ ನನ್ನ ಮೋಟಾರೇ ಆಗಬೇಕು" ಎಂದು ಬೇಡಿಕೊಂಡಾಗ ಅವರು ನಕ್ಕು, "ಆಗಲಪ್ಪ. ಸೋಮವಾರ ಎಂಟು ಗಂಟೆಗೆ ಹಾಲುಮರದಹಳ್ಳಿಗೆ ಬಾ. ಅಲ್ಲಿ ಕಾಯ್ತೀವಿ" ಎಂದಿದ್ದರು. ಹಾಲುಮರದಹಳ್ಳಿ ಪೇಟೆಗೆ ಎರಡೇ ಹರದಾರಿ. ರೇಣುಕಯ್ಯ ಈ ಸುದ್ದಿಯನ್ನು ಇಡೀ ಪೇಟೆಗೆ ಹಂಚಿದರು. ಶಂಕರಲಿಂಗಪ್ಪನಿಗಂತೂ ಮೂರು ಸಲ ಹೇಳಿದರು.

ಎಲ್ಲಾ ಸರಿಯಾಗಿತ್ತು. ಭಾನುವಾರ ಸಂಜೆ ಪರೀಕ್ಷೆಗೆಂದು ಸಿರಾ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬರುವಾಗ ಮಾತ್ರ ಗಾಡಿಯ ಹೊಟ್ಟೆಯಿಂದ ಒಂದು ಹೊಸ ಸದ್ದು ಹೊರಟಿತು. ಲೊಟಲೊಟ, ಲೊಟಲೊಟ! ರೇಣುಕಯ್ಯನವರ ಎದೆಯೂ ಅದೇ ತಾಳದಲ್ಲಿ ಬಡಿದುಕೊಂಡಿತು. ಗುರುಗಳನ್ನು ಕೂರಿಸಿಕೊಂಡು ಬರುವಾಗ ಪೇಟೆ ಬೀದಿಯಲ್ಲಿ ಲೊಟಲೊಟ ಎಂದರೆ ಮಾನ ಉಳಿಯುವುದುಂಟೇ? ನಡುದಾರಿಯಲ್ಲಿ ನಿಂತೇ ಹೋದರೆ? ಶಂಕರಲಿಂಗಪ್ಪ ಗಂಟೆಸರ ಆಡಿಸಿಕೊಂಡು ಬಂದು ಅಯ್ಯನವರನ್ನು ಹತ್ತಿಸಿಕೊಂಡರೆ?

ನೋಡಿಕೊಳ್ಳಲು ಒಬ್ಬ ಡ್ರೈವರು ಇದ್ದ. ಪಾವಗಡದ ಕಡೆಯ ಮೂಡಲಗಿರಿಯಪ್ಪ. ಆದರೆ, "ಮೂರು ವಾರದಲ್ಲಿ ಎಲ್ಲಾ ಕಲಿತುಬಿಟ್ಟೆ, ಇನ್ನು ನೀನು ಯಾಕೆ?" ಎಂದು ಹಿಂದಿನ ವಾರವಷ್ಟೇ ಅವನನ್ನು ಊರಿಗೆ ಕಳಿಸಿಯಾಗಿತ್ತು. ಹೋಗುವಾಗ ಅವನು ಕೈಮುಗಿದು, ತೆಲುಗು ಬೆರೆತ ತನ್ನ ಕನ್ನಡದಲ್ಲಿ, "ಅನ್ನೀ ಚೇಸ್ಕೋ ಸಾಮೀ, ಮೇಲಿಂದ ಏನ್ ಬೇಕಾದ್ರೂ ಮಾಡ್ಕ. ಕಿಂದಕಿ ಮಾತ್ರಂ ದೂರೊದ್ದು! ಕೆಳಕ್ಕೆ ಮಾತ್ರ ನುಗ್ಬ್ಯಾಡ" ಎಂದಿದ್ದ. ಬೇಡ ಎಂದದ್ದನ್ನು ಬಿಡುವ ಜಾಯಮಾನ ರೇಣುಕಯ್ಯನವರದಲ್ಲ.

ಮೋಟಾರು ನಿಂತಿದ್ದದ್ದು ಮನೆಯ ಪಕ್ಕದ ಗಾಡಿಚಪ್ಪರದಲ್ಲಿ. ಹಿಂದೆ ನಾಲ್ಕು ಬೆರಳು ದೂರಕ್ಕೆ ಅಡುಗೆಮನೆಯ ಗೋಡೆ. ಕಾಟಪ್ಪ ಹಾರೆ ಕೊಟ್ಟು ಹಿಂದಿನ ಬಲಗಡೆಯ ಚಕ್ರವನ್ನು ಗೇಣುದ್ದ ಎತ್ತಿದ. ಅದು ಕೆಳಗಿಳಿಯದಂತೆ ಆಸರೆ ಕೊಡಲು ಏನಾದರೂ ಬೇಕಲ್ಲ? ರೇಣುಕಯ್ಯ ನೆಟ್ಟಗೆ ಅಡುಗೆಮನೆಗೆ ಹೋಗಿ ಒರಳುಕಲ್ಲನ್ನೇ ಉರುಳಿಸಿಕೊಂಡು ಬಂದರು.

"ಅಯ್ಯೋ, ಹೋಳಿಗೆ ಹೂರಣ ರುಬ್ಬಬೇಕು ಕಣ್ರೀ!" ಎಂದು ಶಿವರುದ್ರಮ್ಮ ಹಿಂದೆಯೇ ಓಡಿಬಂದರು.

"ಅಯ್ಯನವರೇ ಬರದಿದ್ರೆ ಹೂರಣ ಯಾರಿಗೇ ರುಬ್ತೀಯ? ಹತ್ತು ನಿಮಿಷದ ಕೆಲಸ. ಆಮೇಲೆ ಸ್ನಾನ, ಪೂಜೆ, ಪ್ರಯಾಣ!"

"ಬರೀ ಮೈಲಿ ಕೆಳಕ್ಕೆ ಹೋಗ್ತಿದೀರ. ಕೊರಳಾಗಿನ ಲಿಂಗದ ಕರಡಿಗೆ ತೂಗಾಡ್ತೈತೆ. ಒಂದು ವಸ್ತ್ರನಾದ್ರೂ ಎದೆಗೆ ಬಿಗೀರಿ."

"ಹುಟ್ಟಿ ಎಂಟನೇ ದಿನದಿಂದ ಕೊರಳಲ್ಲಿರೋ ಲಿಂಗ ಇದು! ನಾನು ಈಜಿದಾಗ ಬಂದೈತೆ, ಮರ ಹತ್ತಿದಾಗ ಬಂದೈತೆ. ಮೋಟಾರಿಗೆ ಹೆದರ್ತದೇನೇ?" ಎಂದು ಗೋಣಿತಾಟು ಹಾಸಿಕೊಂಡು, ಅಂಗಾತ ಮಲಗಿ, ತಲೆ ಒಳಕ್ಕೂ ಕಾಲು ಈಚೆಗೂ ಮಾಡಿ, ಬಲಗಡೆಯಿಂದ ಸರಸರನೆ ಸರಿದುಕೊಂಡರು.

ಒಳಗೆ ನೋಡಿದರೆ ಒಂದು ಬೇರೆಯ ಲೋಕ! ಎಂಜಿನ್ನಿನಿಂದ ಹಿಂದಿನ ಅಚ್ಚಿನವರೆಗೆ ಒನಕೆಯಂಥ ಕಬ್ಬಿಣದ ಕೋಲು. ಅದಕ್ಕೆ ಡ್ರೈವರು ಶಾಫ್ಟು ಎನ್ನುತ್ತಿದ್ದ. ಅಚ್ಚಿನ ನಡುವೆ ಗಡಿಗೆಯಷ್ಟು ದಪ್ಪದ ಗುಂಡು. ಶಾಫ್ಟು ಗುಂಡಿಗೆ ಸೇರುವಲ್ಲಿ ನಾಲ್ಕು ಕಿವಿಯ ಕೀಲು. ಎಲ್ಲದರ ಮೇಲೂ ಬೆರಳು ದಪ್ಪ ಜಿಡ್ಡು, ಧೂಳು, ಯಾವುದೋ ಕಾಲದ ಒಂದು ಕೋಳಿಪುಕ್ಕ. ರೇಣುಕಯ್ಯನವರಿಗೆ ಸಂತೋಷವೋ ಸಂತೋಷ. "ಕಾಟಪ್ಪಾ, ಚಕ್ರ ತಿರುಗಿಸೋ!"

ಕಾಟಪ್ಪ ತಿರುಗಿಸಿದ. ಕೋಲು ಗರಗರ ತಿರುಗಿತು. "ಭೇಷ್! ಇನ್ನೂ ಜೋರಾಗಿ!" ಎಂದು ರೇಣುಕಯ್ಯ ಕೀಲಿನ ಸದ್ದು ಕೇಳಲು ಕಿವಿಯನ್ನು ಹತ್ತಿರಕ್ಕೆ ತಂದರು. ಕಿವಿಯ ಜೊತೆ ಕೊರಳು ಬಂತು. ಕೊರಳಿನ ಜೊತೆ ಶಿವದಾರ ಬಂತು. ಕೀಲಿನ ಒಂದು ಕಿವಿ ಆ ದಾರವನ್ನು ಮೆಲ್ಲಗೆ ಹಿಡಿದುಕೊಂಡು ಒಂದು ಸುತ್ತು ಸುತ್ತಿತು, ಎರಡು ಸುತ್ತು ಸುತ್ತಿತು.

"ಅಯ್ಯಯ್ಯಪ್ಪೋ! ಕೊರಳೂ!"

ಸಾಹುಕಾರರು ಒಳಗೇ ಅರೆದುಹೋದರೆಂದು ಹೆದರಿದ ಕಾಟಪ್ಪ ಚಕ್ರ ಬಿಟ್ಟು, ಅವರ ಎರಡೂ ಕಾಲು ಹಿಡಿದು ಈಚೆಗೆ ಜಗ್ಗಿದ. ಜಗ್ಗುವ ಭರಕ್ಕೆ ಅವನ ಹಿಮ್ಮಡಿ ಒರಳುಕಲ್ಲಿಗೆ ತಾಗಿ ಅದು ಪಕ್ಕಕ್ಕೆ ಉರುಳಿತು. ಚಕ್ರ ಧೊಪ್ಪನೆ ನೆಲಕ್ಕೆ ಕೂತಿತು.

ಪ್ರಾಣ ಹೋಗಲಿಲ್ಲ. ಎತ್ತರದ ಗಾಡಿ, ಬದುಕಿಸಿತು. ಆದರೆ ಸ್ಥಿತಿ ಕೇಳಬೇಡಿ! ಗಲ್ಲ ಶಾಫ್ಟಿಗೆ ಒರಗಿತ್ತು. ಬೆಳ್ಳಿಯ ಕರಡಿಗೆ ಕೀಲಿನ ಮಗ್ಗುಲಲ್ಲಿ ನೇತಾಡುತ್ತಿತ್ತು. ಅದು ಜಿಡ್ಡಿಗೆ ತಾಗದಂತೆ ರೇಣುಕಯ್ಯ ಎಡ ಅಂಗೈಯಲ್ಲಿ ಭದ್ರವಾಗಿ ಹಿಡಿದುಕೊಂಡಿದ್ದರು. ಮೋಟಾರನ್ನು ಮುಂದಕ್ಕೆ ತಳ್ಳಿದರೆ ದಾರ ಇನ್ನೂ ಸುತ್ತಿಕೊಂಡು ಕೊರಳಿಗೆ ಉರುಲು. ಹಿಂದಕ್ಕೆ ತಳ್ಳಿದರೆ ದಾರ ಬಿಚ್ಚೀತು, ಆದರೆ ಹಿಂದೆ ಗೋಡೆ!

ಶಿವರುದ್ರಮ್ಮ ನೆಲಕ್ಕೆ ಬಾಗಿ ಇಣುಕಿದರು. ಗಂಡ ಉಸಿರಾಡುತ್ತಿರುವುದು ಕಂಡಮೇಲೆ ಅವರಿಗೆ ಅಳು ಬರಲಿಲ್ಲ, ಸಿಟ್ಟು ಬಂತು.

"ವಸ್ತ್ರ ಬಿಗೀರಿ ಅಂದೆ."

"ಈಗ ಅದೆಲ್ಲಾ ಯಾಕೇ?"

"ಒರಳುಕಲ್ಲು ಬ್ಯಾಡ ಅಂದೆ."

"ಶಿವರುದ್ರೀ, ಇದು ಲೆಕ್ಕ ಹೇಳೋ ಹೊತ್ತಾ?"

"ಸರಿ, ಕತ್ತರಿ ತರ್ತೀನಿ. ದಾರ ಕತ್ತರಿಸಿ ಈಚೆ ಬನ್ನಿ."

ಕತ್ತರಿ ಎಂದಕೂಡಲೇ ರೇಣುಕಯ್ಯನವರ ಕಣ್ಣು ತುಂಬಿಬಂತು. "ದೀಕ್ಷೆ ಕೊಟ್ಟ ಗುರುಗಳು ಊರಿಗೆ ಬರೋ ದಿನ, ಅವರು ಕಟ್ಟಿದ ಲಿಂಗದ ದಾರಕ್ಕೆ ಕತ್ತರಿ ಹಾಕ್ಲಾ? ಇರೋದು ಒಂದು ಕೈ. ಕತ್ತರಿಸೋವಾಗ ಇದು ಜಾರಿ ಈ ಮಡ್ಡಿ ನೆಲಕ್ಕೆ ಬಿದ್ರೆ ಯಾವ ಮುಖ ಇಟ್ಕೊಂಡು ಪಾದ ಹಿಡೀಲಿ? ಒಬ್ಬರ ಲಿಂಗ ಇನ್ನೊಬ್ಬರು ಮುಟ್ಟಬಾರದು; ನೀನು ಮುಟ್ಟೋ ಹಂಗಿಲ್ಲ, ಕಾಟಪ್ಪ ಮುಟ್ಟೋ ಹಂಗಿಲ್ಲ. ಬೇಡ ಕಣೇ, ಕೊರಳು ಬೇಕಾದ್ರೆ ಕತ್ತರಿಸು!"

"ಕೊರಳು ಕತ್ತರಿಸಿದ್ರೆ ಹೋಳಿಗೆ ದಂಡ ಆಗ್ತದೆ, ಬುಡಿ" ಎಂದರು ಶಿವರುದ್ರಮ್ಮ. ಆದರೆ ಅವರ ದನಿ ಸ್ವಲ್ಪ ಮೆತ್ತಗಾಗಿತ್ತು. ಲಿಂಗವನ್ನು ಹಿಡಿದಿದ್ದ ಆ ಕೈ ಅಷ್ಟು ಅವಾಂತರದಲ್ಲೂ ಸಡಿಲವಾಗದ್ದನ್ನು ಅವರು ಕಂಡಿದ್ದರು.

ಇಷ್ಟರಲ್ಲಿ ಗುಂಡಿನ ಸಂದಿಯಿಂದ ಕಪ್ಪು ಎಣ್ಣೆ ಜಿನುಗತೊಡಗಿತು. ಒಂದೊಂದೇ ತೊಟ್ಟು, ಸರಿಯಾಗಿ ರೇಣುಕಯ್ಯನವರ ಹಣೆಯ ನಡುವಿಗೆ. ದೇವರ ತಲೆಯ ಮೇಲೆ ಧಾರಾಪಾತ್ರೆ ಇಳಿಯುವ ಹಾಗೆ, ನಿಧಾನವಾಗಿ, ತಪ್ಪದೆ. ಹಣೆಯಿಂದ ಹುಬ್ಬಿಗೆ, ಹುಬ್ಬಿನಿಂದ ಕಣ್ಣಿಗೆ. ಒರೆಸಿಕೊಂಡರೆ ಇನ್ನಷ್ಟು ಹರಡುತ್ತಿತ್ತು. ಕರಿಯ ಅಭಿಷೇಕವಾಗುತ್ತ ಆಗುತ್ತ ಏಳು ಗಂಟೆಯಾಯಿತು, ಏಳೂವರೆಯಾಯಿತು.

"ಅಯ್ಯನವರು ಕಾಯ್ತಿರ್ತಾರೆ ಕಣೇ" ಎಂದು ರೇಣುಕಯ್ಯ ಗೋಳಿಟ್ಟರು. "ಆ ಹಾಳು ಲೊಟಲೊಟ ಸದ್ದಿನಿಂದ ಇಷ್ಟೆಲ್ಲಾ ಆಯ್ತು. ಇಷ್ಟು ಹತ್ತಿರದಿಂದ ನೋಡಿದ್ರೂ ಅದು ಎಲ್ಲಿಂದ ಬರ್ತೈತೆ ಅಂತ ತಿಳೀತಿಲ್ಲ!"

"ಯಾವ ಸದ್ದು?"

"ನಿನ್ನೆ ಸಂಜೆ ಬಂತಲ್ಲೇ, ಲೊಟಲೊಟ ಅಂತ!"

"ಅದಾ? ಅದು ಗಿಂಡಿ ಕಣ್ರೀ. ಅಯ್ಯನವರಿಗೆ ದಾರೀಲಿ ನೀರಿಗೆ ಅಂತ ಹಿತ್ತಾಳೆ ಗಿಂಡೀನ ಸೀಟಿನ ಕೆಳಗೆ ಇಟ್ಟಿದ್ದೆ. ಉರುಳಾಡಿರ್ತದೆ."

ಎಣ್ಣೆಯ ಇನ್ನೊಂದು ತೊಟ್ಟು ಹಣೆಯ ಮೇಲೆ ಬಿತ್ತು.

"ಮೊದಲೇ ಯಾಕೆ ಹೇಳಲಿಲ್ಲ?" ಎಂದರು ರೇಣುಕಯ್ಯ, ಸತ್ತ ದನಿಯಲ್ಲಿ.

"ನೀವು ಯಾವತ್ತು ಕೇಳಿದ್ರಿ? ಕಬ್ಬಿಣ ಅಂದಮೇಲೆ ಕಬ್ಬಿಣ ಅಂದ್ರಿ. ಹಿತ್ತಾಳೆ ಮಾತು ಯಾರು ಕೇಳ್ತಾರೆ ಅಂತ ಸುಮ್ಕಾದೆ."

ಆ ಕ್ಷಣ ಭೂಮಿ ಬಾಯಿಬಿಟ್ಟಿದ್ದರೆ ರೇಣುಕಯ್ಯ ಸಂತೋಷವಾಗಿ ಒಳಗೆ ಹೋಗುತ್ತಿದ್ದರು. ಆದರೆ ಅದಕ್ಕೂ ಶಿವದಾರ ಬಿಡುತ್ತಿರಲಿಲ್ಲ.

ಕಾಟಪ್ಪ ಓಡಿಹೋಗಿ ಮಂಡಿಯ ಆರು ಜನ ಹಮಾಲರನ್ನು ಕರೆತಂದ. ಅವರು ತೊಲೆಗಳನ್ನು ಹೊತ್ತುಕೊಂಡೇ ಬಂದರು. ಕೆಳಗೆ ಮಲಗಿದ್ದವರಿಗೆ ಜನರೆಂದರೆ ಈಗ ಬರೀ ಪಾದಗಳು. ಮೊಣಕಾಲಿನ ಮೇಲೆ ಲೋಕವೇ ಇಲ್ಲ. ಒಡೆದ ಹಿಮ್ಮಡಿಗಳು, ಹುಣಸೆ ಜಿಗುಟು ಮೆತ್ತಿದ ಬೆರಳುಗಳು, ಅವುಗಳ ನಡುವೆ ಕಾಲುಂಗುರದ ಎರಡು ಪಾದಗಳು ಸಿಡಿಮಿಡಿಯಿಂದ ಅತ್ತಿತ್ತ ಓಡಾಡುತ್ತಿದ್ದವು.

"ಮೊದಲು ಎತ್ತಿದ್ದಂಗೆ ಬಲಗಡೆ ಚಕ್ರ ಎತ್ತಾವ, ಸಾವ್ಕಾರ್ರೇ?" ಎಂದು ಒಬ್ಬ ಕೇಳಿದ.

ಹೀಗೆ ಮಲಗಿದ್ದರೂ ರೇಣುಕಯ್ಯನವರ ಬುದ್ಧಿವಂತಿಕೆ ಮಲಗಿರಲಿಲ್ಲ. "ಒಂದು ಕಡೆ ಎತ್ತಿದ್ದಕ್ಕೇ ಈ ಗತಿ ಬಂದದ್ದು! ಎರಡೂ ಕಡೆ ಸಮವಾಗಿ ಎತ್ರೋ. ಗಾಡಿ ಅಚ್ಚು ನಾನು ಕಾಣದ್ದಾ?"

ಮೂರು ಜನ ಆ ಕಡೆ, ಮೂರು ಜನ ಈ ಕಡೆ. "ಐಸಾ!" ಎಂದು ಎತ್ತಿದರು. ಎರಡೂ ಚಕ್ರ ಗಾಳಿಯಲ್ಲಿ ನಿಂತವು. ಕಾಟಪ್ಪ ಎಡಗಡೆಯ ಚಕ್ರವನ್ನು ಹಿಡಿದು ಹಿಂದಕ್ಕೆ ತಿರುಗಿಸಿದ. ಶಾಫ್ಟು ಕದಲಲಿಲ್ಲ. ಆದರೆ ಯಾರೂ ಮುಟ್ಟದೆ ಬಲಗಡೆಯ ಚಕ್ರ ತಾನೇ ತಾನಾಗಿ ಮುಂದಕ್ಕೆ ತಿರುಗಿತು!

"ಯಾವನ್ಲಾ ಆ ಕಡೆ ಚಕ್ರ ಮುಟ್ಟಿದೋನು?" ಎಂದ ಕಾಟಪ್ಪ.

"ಯಾರೂ ಮುಟ್ಟಿಲ್ಲ ಕಣ್ಲಾ!"

ಕಾಟಪ್ಪ ಮುಂದಕ್ಕೆ ತಿರುಗಿಸಿದ. ಆಚೆಯದು ಹಿಂದಕ್ಕೆ ತಿರುಗಿತು. ಹಿಂದಕ್ಕೆ ತಿರುಗಿಸಿದ. ಅದು ಮುಂದಕ್ಕೆ! ಜನ್ಮವಿಡೀ ಗಾಡಿಯ ಚಕ್ರಗಳನ್ನೇ ನೋಡಿದವನು ಅವನು. ಜೊತೆ ಚಕ್ರಕ್ಕೆ ಹೀಗೆ ಎದುರಾಡುವ ಚಕ್ರವನ್ನು ಮಾತ್ರ ಕಂಡಿರಲಿಲ್ಲ. ಅವನ ಮುಖ ಬಿಳಿಚಿಕೊಂಡಿತು.

"ಸಾವ್ಕಾರ್ರೇ, ಇದ್ರೊಳಗೆ ಯಾವುದೋ ಗಾಳಿ ಸೇರ್ಕಂಡೈತೆ! ನಾನು ಇಂಗೆ ಅಂದ್ರೆ ಅದು ಅಂಗೆ ಅಂತೈತೆ!"

ಹಮಾಲರು ಮೆಲ್ಲಗೆ ಗಾಡಿಯನ್ನು ಇಳಿಸಿದರು. ಒಂದು ತೊಲೆಯನ್ನು ಅಲ್ಲೇ ಬಿಟ್ಟು, ಮಂತ್ರ ಹಾಕುವವನನ್ನು ಕರೆತರುತ್ತೇವೆಂದು ಹೇಳಿ ಹೊರಟರು. ಕೆಳಗಿನಿಂದ ನೋಡಿದರೆ ಹನ್ನೆರಡು ಪಾದಗಳು ಮೊದಲು ನಡೆದವು, ಆಮೇಲೆ ಓಡಿದವು.

ಒಂಬತ್ತಾಯಿತು. ಹತ್ತಾಯಿತು. ರೇಣುಕಯ್ಯನವರ ಎಡಗೈ ಮರಗಟ್ಟಿತ್ತು. ಬೆಳಗ್ಗೆಯಿಂದ ಪೂಜೆಯಿಲ್ಲ, ಪೂಜೆಯಿಲ್ಲದೆ ಹನಿ ನೀರಿಲ್ಲ. ಲಿಂಗಕ್ಕೆ ಜಿಡ್ಡು ಮುಟ್ಟದಂತೆ ಹಿಡಿದಿದ್ದ ಮುಷ್ಟಿಯನ್ನೇ ನೋಡುತ್ತ, 'ನಿನ್ನನ್ನ ಕಟ್ಕೊಂಡು ಹೆಮ್ಮೆಯಿಂದ ಮೆರೆಯೋಕೆ ಹೋದೆ, ಶಿವನೇ. ನೀನೇ ಕಟ್ಟಿಹಾಕಿದೆ' ಎಂದುಕೊಂಡರು. ಇನ್ನು ಮೋಟಾರೂ ಇಲ್ಲ, ಪಾದಪೂಜೆಯೂ ಇಲ್ಲ. ಮುಂದಿನ ಶ್ರಾವಣದವರೆಗೆ ಪೇಟೆಯಲ್ಲಿ ತಲೆ ಎತ್ತುವ ಹಾಗಿಲ್ಲ. ಸದ್ಯಕ್ಕಂತೂ ಎತ್ತಿದರೆ ಶಾಫ್ಟು ತಗಲುತ್ತಿತ್ತು. ನಿಜವಾಗಿಯೂ ಅವರು ಅತ್ತರು. ಎಣ್ಣೆಯೂ ಕಣ್ಣೀರೂ ಕೂಡಿ ಎಲ್ಲವೂ ಮಬ್ಬುಮಬ್ಬಾಗಿ ಕಾಣತೊಡಗಿತು.

ಆಗ ಕೇಳಿಸಿತು. ಘಲ್ ಘಲ್, ಘಲ್ ಘಲ್! ಅರ್ಧ ಮೈಲಿ ದೂರದಿಂದಲೇ ಅವರಿಗೆ ಗುರುತು ಸಿಕ್ಕಿತು. ಮೂರು ವರ್ಷ ಹೊಟ್ಟೆ ಉರಿಸಿದ್ದ ಅದೇ ಗಂಟೆಸರ!

ಗಾಡಿ ಮನೆಯ ಮುಂದೆಯೇ ನಿಂತಿತು. ಶಂಕರಲಿಂಗಪ್ಪನ ಮಾತು ಕೇಳಿಸಿತು. "ಅಕ್ಕಾ, ಭಾವ ಎಲ್ಲಿ? ಮೋಟಾರು ಅಂದಮೇಲೆ ಏನೋ ಎಂತೋ, ಯಾವುದಕ್ಕೂ ಇರ್ಲಿ ಅಂತ ನಾನೂ ಗಾಡಿ ಕಟ್ಕೊಂಡು ಹೋಗಿದ್ದೆ. ಅಯ್ಯನೋರು ಒಂಬತ್ತರವರೆಗೂ ಕಾದ್ರು."

"ಭಾವ ಕೆಳಗವ್ರೆ" ಎಂದರು ಶಿವರುದ್ರಮ್ಮ.

ಎಲ್ಲವನ್ನೂ ಹೇಳಿಯಾದ ಮೇಲೆ ಮೋಟಾರಿನ ಎಡಗಡೆಯಿಂದ ಅಯ್ಯನವರ ಗಂಭೀರವಾದ ಧ್ವನಿ ಬಂತು. "ಏನಪ್ಪಾ ರೇಣುಕಯ್ಯ? ಲಿಂಗ ಕೈಯಲ್ಲಿ ಭದ್ರವಾಗಿದೆಯಾ?"

"ಭದ್ರವಾಗೈತೆ ಬುದ್ಧೀ" ಎಂದು ರೇಣುಕಯ್ಯ ಮುಷ್ಟಿಯನ್ನು ಇನ್ನಷ್ಟು ಬಿಗಿಹಿಡಿದರು.

"ಹಾಗಾದರೆ ಮಿಕ್ಕದ್ದೆಲ್ಲಾ ಆಗುತ್ತೆ. ಧೈರ್ಯವಾಗಿರು."

ಶಂಕರಲಿಂಗಪ್ಪ ಎರಡು ಚಕ್ರಗಳ ಕಥೆ ಕೇಳಿ ತಲೆ ಕೆರೆದುಕೊಂಡ. ಕಾಟಪ್ಪ ಮತ್ತೆ ಗಾಳಿಯ ಮಾತೆತ್ತಿದ. ಆಗ ಶಿವರುದ್ರಮ್ಮ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದರು. ಅಷ್ಟು ಹೊತ್ತೂ ಅವರು ಆ ಎದುರಾಡುವ ಚಕ್ರಗಳ ಬಗ್ಗೆಯೇ ಯೋಚಿಸುತ್ತಿದ್ದರು.

"ಗಾಳಿಯೂ ಇಲ್ಲ, ಧೂಳೂ ಇಲ್ಲ. ರಾಗಿ ಬೀಸೋವಾಗ ಕೆಳಗಿನ ಕಲ್ಲು ಗಟ್ಟಿಯಾಗಿ ಕೂತಿದ್ರೇನೇ ಮೇಲಿನ ಕಲ್ಲು ಕೆಲಸ ಮಾಡೋದು. ಎರಡೂ ಸುತ್ತಿದ್ರೆ ಹಿಟ್ಟು ಬೀಳ್ತದಾ? ಬೆಳಗ್ಗೆ ಒಂದು ಚಕ್ರ ನೆಲದ ಮೇಲಿತ್ತು, ಶಾಫ್ಟು ತಿರುಗ್ತು. ಆಮೇಲೆ ಎರಡೂ ಎತ್ತಿದ್ರಿ, ತಿರುಗ್ಲಿಲ್ಲ. ಬಲಗಡೆಯದ್ದು ನೆಲದಲ್ಲೇ ಇರ್ಲಿ, ಎಡಗಡೆಯದ್ದು ಒಂದೇ ಎತ್ತಿ ಹಿಂದಕ್ಕೆ ತಿರುಗಿಸ್ರೋ."

ಹಮಾಲರಿಲ್ಲ, ಎತ್ತುವವರು ಯಾರು? ಶಂಕರಲಿಂಗಪ್ಪ ರುಮಾಲು ತೆಗೆದಿಟ್ಟ. ತೊಲೆಯನ್ನು ಅಚ್ಚಿನಡಿ ತೂರಿಸಿ, ಆಚೆಯ ತುದಿಯನ್ನು ನೆಲಕ್ಕೆ ಊರಿ, ಈಚೆಯ ತುದಿಗೆ ತಾನೇ ಹೆಗಲು ಕೊಟ್ಟ. ಎತ್ತಿನ ಹಾಗೆ ಬೆನ್ನು ಬಾಗಿಸಿ ಒಮ್ಮೆ ಒತ್ತಿದ. ಎಡ ಚಕ್ರ ನೆಲ ಬಿಟ್ಟಿತು. ಕಾಟಪ್ಪ ಕಣ್ಣು ಮುಚ್ಚಿಕೊಂಡೇ ಅದನ್ನು ಹಿಂದಕ್ಕೆ ತಿರುಗಿಸಿದ. ಶಾಫ್ಟು ತಿರುಗಿತು! ಒಂದು ಸುತ್ತು ಬಿಚ್ಚಿತು, ಎರಡು ಸುತ್ತು ಬಿಚ್ಚಿತು. ಶಿವದಾರ ಸಡಿಲವಾಗಿ ಕೊರಳಿಗೆ ಜಾರಿತು. ರೇಣುಕಯ್ಯ ಕರಡಿಗೆಯನ್ನು ಎದೆಗೆ ಒತ್ತಿಕೊಂಡು, ಒತ್ತಿಕೊಂಡೇ ಇದ್ದರು.

"ಅಲ್ಲಾಡಬ್ಯಾಡಿ!" ಎಂದು ಶಿವರುದ್ರಮ್ಮ ಕೂಗಿದರು. "ಕಾಟಪ್ಪ ಒರಳುಕಲ್ಲು ಕೊಡೋವರೆಗೂ ಅಲ್ಲೇ ಬಿದ್ದಿರಿ. ಗಾಡಿ ಪೂರ್ತಿ ತೊಲೆ ಮೇಲೈತೆ." ಕಾಟಪ್ಪ ಕಲ್ಲು ಉರುಳಿಸಲು ಬಲಗಡೆಗೆ ಓಡಿದ. ಶಿವರುದ್ರಮ್ಮ ಅವನಿಗೆ ಕೈ ಕೊಡಲು ಹಿಂದೆ ಹೋದರು.

ಆಗಲೇ ಅಯ್ಯನವರ ಮಾತು ಕೇಳಿಸಿತು. "ಇನ್ನೇನು, ಬಿಡುಗಡೆಯಾಯಿತಲ್ಲ. ನಾವು ಮುಂದಕ್ಕೆ ಹೊರಡೋಣ. ಪೂಜೆಯ ಹೊತ್ತು ಮೀರ್ತಾ ಇದೆ."

ಮುಂದಕ್ಕೆ ಎಂದರೆ ಶಂಕರಲಿಂಗಪ್ಪನ ಮನೆಗೆ! ಮನೆಯಂಗಳಕ್ಕೆ ಬಂದ ಪಾದಗಳು ಹಾಗೇ ಹೋಗಿಬಿಡುವುದೇ? ರೇಣುಕಯ್ಯ ಬೋರಲಾಗಿ ಹೊರಳಿದರು. ಎಡಗಡೆ, ಕೈಗೆ ಸಿಗುವಷ್ಟು ದೂರದಲ್ಲೇ, ಧೂಳು ಮೆತ್ತಿದ ಎರಡು ಬರಿಯ ಪಾದಗಳು ಕಂಬದಂತೆ ನಿಂತಿದ್ದವು. ಅವುಗಳ ಪಕ್ಕದಲ್ಲಿ ಪಾದಪೂಜೆಯ ತಟ್ಟೆ. ಗುರುಗಳು ಬಂದ ಗಡಿಬಿಡಿಯಲ್ಲಿ ಶಿವರುದ್ರಮ್ಮ ತಂದು ಅಲ್ಲೇ ಇಟ್ಟಿದ್ದರು. ಸ್ನಾನವಾಗಿರಲಿಲ್ಲ ನಿಜ. ಆದರೆ ಎಣ್ಣೆಸ್ನಾನವಂತೂ ಬೆಳಗ್ಗೆಯಿಂದ ನಡೆದೇ ಇತ್ತು!

ಕೈ ಚಾಚಿ ಚೊಂಬಿನ ನೀರು ಸುರಿದು ಪಾದ ತೊಳೆದರು. ವಿಭೂತಿ ಹಚ್ಚಿದರು. ಪತ್ರೆ ಏರಿಸಿದರು. ಪಾದಗಳು ಒಮ್ಮೆ ಬೆಚ್ಚಿ ಬೆರಳು ಮಡಿಸಿದವು, ಆದರೆ ಕದಲಲಿಲ್ಲ. ಮೇಲಿನಿಂದ "ಹ್ಞೂಂ... ಹ್ಞೂಂ" ಎಂಬ ಭಾರವಾದ ಹೂಂಕಾರ ಕೇಳಿಸಿತು. ಗುರುಗಳು ಒಪ್ಪಿಕೊಂಡರು! ತೊಳೆದ ನೀರನ್ನು ಅಂಗೈಗೆ ಹಿಡಿದು ಭಕ್ತಿಯಿಂದ ಕುಡಿದರು. ಸ್ವಲ್ಪ ಸಗಣಿಯ ವಾಸನೆ ಬಂದಂತಾಯಿತು. ಗುರುಪಾದದ ಮಹಿಮೆ ಬಲ್ಲವರಾರು ಎಂದು ಕಣ್ಣುಮುಚ್ಚಿ ನುಂಗಿದರು.

ಆಮೇಲೆ ಹಣೆಯನ್ನು ಆ ಪಾದಗಳ ಮೇಲಿಟ್ಟು, ತಡೆಯಲಾರದೆ ಬಿಕ್ಕಿದರು. "ಗುರುವೇ! ನನ್ನ ಮನಸ್ಸಿನಲ್ಲಿರೋದು ಹೇಳಿಬಿಡ್ತೀನಿ. ಮೂರು ವರ್ಷದಿಂದ ಆ ಶಂಕರಲಿಂಗಪ್ಪ ನಿಮ್ಮನ್ನ ಗಾಡಿಗೆ ಹತ್ತಿಸ್ಕೊಂಡು ಮೆರೀತಾನಲ್ಲ, ಅದೆಲ್ಲಾ ಬರೀ ಗಂಟೆ ಸದ್ದು! ಅವನ ಎತ್ತಿಗಿರೋ ಭಕ್ತಿ ಅವನಿಗಿಲ್ಲ. ಈವತ್ತೂ ನೋಡಿ, ನಾನು ಕೆಡೋದನ್ನೇ ಕಾಯ್ಕೊಂಡು ಗಾಡಿ ಕಟ್ಟಿದ್ದಾನೆ. ಅಂಥವನ ಭಾರ ಈ ಭೂಮಿ ಹೆಂಗೆ ಹೊತ್ತಿದೆಯೋ ಬುದ್ಧೀ!"

ಕಾಟಪ್ಪ ಒರಳುಕಲ್ಲನ್ನು ತಂದು ಅಚ್ಚಿನಡಿ ಕೊಟ್ಟ ಸದ್ದಾಯಿತು. ಪಾದಗಳ ಮೇಲಿನಿಂದ ಬಿಗಿಹಿಡಿದಿದ್ದ ಉಸಿರೊಂದು ಉಸ್ಸೆಂದು ಹೊರಬಿತ್ತು. ಅದರ ಹಿಂದೆಯೇ ಒಂದು ದನಿ ಬಂತು. ಅದು ಅಯ್ಯನವರದಲ್ಲ.

"ಭಾವಾ, ಭೂಮಿ ಭಾರ ಆಮೇಲೆ ನೋಡಾನ. ನಿನ್ನ ಮೋಟಾರಿನ ಭಾರ ನನ್ನ ಹೆಗಲ ಮೇಲೈತೆ. ಬೈಯೋದು ಮುಗಿದಿದ್ರೆ ಈಚೆ ಬಾ."

ರೇಣುಕಯ್ಯ ಹೇಗೆ ಈಚೆ ಬಂದರೋ ಅವರಿಗೇ ಗೊತ್ತಾಗಲಿಲ್ಲ. ತಲೆಯಿಂದ ಕಾಲಿನವರೆಗೆ ಕರ್ರಗಾಗಿ ಎದ್ದು ನಿಂತಾಗ ಎದುರಿಗೆ ಶಂಕರಲಿಂಗಪ್ಪ ತೊಲೆ ಇಳಿಸಿ ಹೆಗಲು ಉಜ್ಜಿಕೊಳ್ಳುತ್ತಿದ್ದ. ಹೆಗಲಿನ ಚರ್ಮ ಕಿತ್ತು ರಕ್ತ ಜಿನುಗಿತ್ತು. ಕಾಲಿನ ಮೇಲೆ ವಿಭೂತಿ, ಪತ್ರೆ. ಅವನ ಬೆನ್ನ ಹಿಂದೆ ಒಂದು ಮಾರು ದೂರದಲ್ಲಿ ಅಯ್ಯನವರು ಮರದ ಹಾವುಗೆ ಮೆಟ್ಟಿ ನಿಂತು, ಗಡ್ಡದೊಳಗೇ ನಗು ತಡೆಯಲು ಹೆಣಗುತ್ತಿದ್ದರು.

"ಕಾಲು ಹಿಂದಕ್ಕೆ ತಗೋಬಾರದಿತ್ತೇನೋ?" ಎಂದರು ರೇಣುಕಯ್ಯ, ಕೇಳಿಸಿಯೂ ಕೇಳಿಸದ ಹಾಗೆ.

"ತಗೊಂಡಿದ್ರೆ ಗಾಡಿ ನಿನ್ನ ತಲೆ ಮೇಲೆ ಇಳೀತಿತ್ತು. ಬೈಸ್ಕೊಂಡ್ರೆ ಬೈಸ್ಕೊಂಡೆ, ಅಕ್ಕನ ಕುಂಕುಮ ಉಳೀಲಿ ಅಂತ ಸುಮ್ಕೆ ನಿಂತೆ."

ರೇಣುಕಯ್ಯನವರಿಗೆ ಮತ್ತೆ ಮೋಟಾರಿನ ಕೆಳಗೇ ಹೋಗಿ ಮಲಗಿಬಿಡೋಣವೆನ್ನಿಸಿತು. ಆ ಕಿತ್ತುಹೋದ ಹೆಗಲನ್ನು ಬಿಟ್ಟು ಬೇರೆ ಎಲ್ಲಿಗೂ ಅವರ ಕಣ್ಣು ಹೋಗಲೊಲ್ಲದು. ಮೂರು ವರ್ಷದ ಹೊಟ್ಟೆಯುರಿ ಒಂದೇ ಗಳಿಗೆಯಲ್ಲಿ ನಾಚಿಕೆಯಾಗಿ ತಿರುಗಿತ್ತು. ತಲೆ ತಗ್ಗಿಸಿ, ಅಯ್ಯನವರ ಕಡೆ ಕೈಮುಗಿದು, "ಹೊರಡಿ ಬುದ್ಧೀ. ಅವನ ಮನೆಗೇ ದಯಮಾಡ್ಸಿ. ನನಗೆ ಆ ಯೋಗ್ಯತೆ ಇಲ್ಲ" ಎಂದರು.

ಅಯ್ಯನವರು ಶಂಕರಲಿಂಗಪ್ಪನ ಮುಖ ನೋಡಿದರು. ಅವನು ರುಮಾಲನ್ನು ಎತ್ತಿಕೊಂಡು ಧೂಳು ಕೊಡವಿ ಹೇಳಿದ:

"ಬ್ಯಾಡ ಬುದ್ಧೀ, ಈ ವರ್ಷ ಮೊದಲ ಪೂಜೆ ಇಲ್ಲೇ ಆಗ್ಲಿ. ಭಾವನಿಗೆ ಈಗ್ತಾನೆ ಕೈ ಪಳಗೈತೆ."